ನೋಡದ ದಿನದ ನೀರು

ತಮಿಳುನಾಡು ಕರಾವಳಿ ಕ್ಯಾಂಪ್
9 ಫೆಬ್ರವರಿ 2025

ಕೆಂಪಣ್ಣನವರಿಗೆ,

ಶ್ರೀರಂಗಪಟ್ಟಣದ ಶ್ರೀಕಂಠಯ್ಯ ಮೇಷ್ಟ್ರ ಮಗಳು ಆರತಿ ಬರೆಯುತ್ತಿದ್ದೇನೆ. ಹೆಸರು ನೋಡಿದ ಕೂಡಲೇ ಕಾಗದ ಹರಿದುಹಾಕಬೇಡಿ. ಹರಿಯುವುದೇ ಆದರೆ ಪೂರ್ತಿ ಓದಿ ಹರಿಯಿರಿ.

ಮೊನ್ನೆ ಧೈರ್ಯ ಮಾಡಿ ನಿಮ್ಮ ಮನೆಗೆ ಫೋನ್ ಮಾಡಿದ್ದೆ. ನಿಮ್ಮ ಹೆಂಡತಿ ಚಿಕ್ಕಬೋರಮ್ಮನವರು ಎತ್ತಿಕೊಂಡರು. "ಅವ್ರಿಗೆ ಈಗ ಕಿವಿ ಕೇಳಾಕಿಲ್ಲ ಕಣವ್ವ. ಫೋನಲ್ಲಿ ಬರೀ ಊಂ ಅಂತಾರೆ. ಕಾಗ್ದ ಬರಿ, ಓದ್ತಾರೆ. ಅಂದಂಗೆ ನೀನ್ಯಾರವ್ವ?" ಎಂದರು. ಹೆಸರು ಹೇಳಿದೆ. "ನೀನಾ?" ಎಂದವರೇ ಫೋನ್ ಇಟ್ಟುಬಿಟ್ಟರು.

ಏಳು ವರ್ಷದ ಹಿಂದೆ ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುವಾಗ ಮೂರು ತಿಂಗಳು ನಿಮ್ಮ ನಾಲೆಯ ಸೇತುವೆಯ ಹತ್ತಿರ ಕೂತಿದ್ದೆ. ನಾಲೆಗೆ ಬಿಟ್ಟ ಮೊದಲ ನೀರು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆ, ಎಷ್ಟು ಏರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಪ್ರಾಜೆಕ್ಟು. ನನ್ನ ಲೆಕ್ಕಕ್ಕೂ, ನಾಲೆ ಕಾಯುವ ನೀರುಗಂಟಿಯಾಗಿ ನೀವು ದಿನವೂ ನೀರಿನ ಮಟ್ಟ ಬರೆದಿಡುತ್ತಿದ್ದ ಪುಸ್ತಕಕ್ಕೂ ತಾಳೆಯಾಗಲಿಲ್ಲ. "ಈ ಪುಸ್ತಕ ನಂಬಲು ಯೋಗ್ಯವಲ್ಲ" ಎಂದು ವರದಿಯಲ್ಲಿ ಒಂದು ಸಾಲು ಬರೆದೆ. ಆ ಒಂದು ಸಾಲಿನಿಂದ ನಿಮಗೆ ಏನಾಯಿತು ಎಂಬುದು ಆಮೇಲೆ ತಿಳಿಯಿತು.

ಈಗ ನನ್ನ ಕೆಲಸ ಕಡಲಿನ ನೀರಿನದು. ದಡದಿಂದ ಹನ್ನೆರಡು ಕಿಲೋಮೀಟರು ಒಳಗೆ ಒಂದು ಕಟ್ಟೆ ನಿಲ್ಲಿಸುತ್ತಿದ್ದಾರೆ. ಗಾಳಿಯಂತ್ರಗಳ ವಿದ್ಯುತ್ತನ್ನು ಒಟ್ಟುಮಾಡಿ ದಡಕ್ಕೆ ಕಳಿಸುವ ಕಟ್ಟೆ. ಉಕ್ಕಿನ ನಾಲ್ಕು ಕಾಲು, ಮೇಲೆ ಪಾಳಿಯ ಮೇಲೆ ಎಂಟು ಜನರ ವಾಸ. ಕಾಲುಗಳನ್ನು ತಳದಲ್ಲಿ ಎಷ್ಟು ಆಳಕ್ಕೆ ಹೊಡೆಯಬೇಕು ಎಂಬುದು ತಳದ ನೀರು ಎಷ್ಟು ಜೋರಾಗಿ ಹರಿಯುತ್ತದೆ ಎಂಬುದರ ಮೇಲೆ ನಿಂತಿದೆ. ಅದನ್ನು ಹೇಳಬೇಕಾದವಳು ನಾನು.

ಕಂಪ್ಯೂಟರಿನೊಳಗೆ ಕಡಲನ್ನು ಸಾವಿರಾರು ಪಾತಿಗಳಾಗಿ ಕಟ್ಟಿಕೊಳ್ಳುತ್ತೇವೆ. ಚಂದ್ರನ ಸೆಳೆತ, ಗಾಳಿಯ ನೂಕು, ತಳದ ಮರಳಿನ ತಡೆ ಎಲ್ಲವನ್ನೂ ಸೇರಿಸಿ, ಒಂದು ಪಾತಿಯಿಂದ ಪಕ್ಕದ ಪಾತಿಗೆ ಎಷ್ಟು ನೀರು ಹೋಗುತ್ತದೆ ಎಂದು ಅದು ಲೆಕ್ಕ ಹಾಕುತ್ತದೆ. ಇದಕ್ಕೆ ಮಾಡೆಲ್ ಎನ್ನುತ್ತೇವೆ. ಉಬ್ಬರ ಜೋರಿರುವ ದಿನಗಳಲ್ಲಿ ನನ್ನ ಮಾಡೆಲ್ ತಳದ ವೇಗ ಸೆಕೆಂಡಿಗೆ ಮೂರು ಅಡಿ ಎನ್ನುತ್ತದೆ. ಕಡಲಿಗೆ ಯಂತ್ರ ಇಳಿಸಿ ಅಳೆದವರು ಎರಡೇ ಅಡಿ ಎನ್ನುತ್ತಾರೆ. ಮತ್ತೆ ಅದೇ ಜಾಗದಲ್ಲಿ ಬಂದು ನಿಂತಿದ್ದೇನೆ, ಕೆಂಪಣ್ಣ. ಕೇಳಲು ನಿಮ್ಮನ್ನು ಬಿಟ್ಟು ಯಾರೂ ನೆನಪಾಗಲಿಲ್ಲ.

ಆರತಿ


ಪಾಂಡವಪುರ ತಾಲ್ಲೂಕು
2 ಮಾರ್ಚ್ 2025

ಆರತಮ್ಮನಿಗೆ,

ಬದುಕಿದ್ದೇನೆ. ನನ್ನ ಕ್ಷೇಮ ಸಮಾಚಾರ ಅಷ್ಟೇ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಹರಿಯಲಿಲ್ಲ. ಜಂತೆಯ ಸಂದಿಗೆ ಸಿಕ್ಕಿಸಿಟ್ಟಿದ್ದೆ. ಹೊಸಹೊಳಲಿನಲ್ಲಿ ನನ್ನವಳ ತಂಗಿಯ ಮಗಳ ಮದುವೆ ಮುಗಿಸಿಕೊಂಡು ನಿನ್ನೆ ಬಂದು ತೆಗೆದು ಓದಿದೆ. ಬಾಯಲ್ಲಾದರೆ ಚೆನ್ನಾಗಿ ಬಯ್ಯುತ್ತಿದ್ದೆ. ಬರೆಯಲು ಕೂತರೆ ಮೇಷ್ಟ್ರು ಹೊಡೆದು ಕಲಿಸಿದ ಕನ್ನಡವೇ ಬರುತ್ತದೆ, ಅದರಲ್ಲಿ ಬಯ್ಯಲು ನನಗೆ ಬಾರದು. ನಿನ್ನ ಪುಣ್ಯ.

ಏನಾಯಿತು ಎಂದು ತಿಳಿಯಿತು ಎಂದಿದ್ದೀಯ. ಏನು ತಿಳಿಯಿತು? ನೀರುಗಂಟಿಯನ್ನು ನೀರಿಲ್ಲದ ಕಡೆಗೆ ಹಾಕಿದರು. ನಾಗಮಂಗಲದ ಗೋದಾಮಿನಲ್ಲಿ ತುಕ್ಕು ಹಿಡಿದ ತೂಬಿನ ಬಾಗಿಲುಗಳನ್ನು ಕಾಯುತ್ತಾ ನಾಲ್ಕು ವರ್ಷ ಕೂತೆ, ಅಲ್ಲೇ ನಿವೃತ್ತಿಯಾಯಿತು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ "ಏನ್ಲಾ ಕೆಂಪ, ಮನೇಲಿ ಕೂತ್ಕಂಡೇ ನೀರ್ ಅಳೀತಿದ್ದಂತೆ?" ಎಂದು ನಗುತ್ತಿದ್ದರು. ಹತ್ತೊಂಬತ್ತು ವರ್ಷ ಬೆಳಿಗ್ಗೆ ಏಳಕ್ಕೆ ನೀರು ಅಳೆಯಲು ಸೇತುವೆಯ ಮೆಟ್ಟಿಲಿಳಿದವನು ನಾನು. ನನ್ನ ಪುಸ್ತಕ ಸುಳ್ಳಲ್ಲ.

ಒಂದು ಕೇಳುತ್ತೇನೆ. ಆ ಕಾಲುಗಳ ಬುಡದಲ್ಲಿ ಇರುವುದು ಮರಳೋ, ಕಲ್ಲೋ?

ಕೆಂಪಣ್ಣ
ನಿವೃತ್ತ ನೀರುಗಂಟಿ


ಕರಾವಳಿ ಕ್ಯಾಂಪ್
12 ಮಾರ್ಚ್ 2025

ಕೆಂಪಣ್ಣನವರಿಗೆ,

ಮರಳು. ಹದಿನೆಂಟು ಮೀಟರು ನೀರು, ಕೆಳಗೆ ಸಣ್ಣ ಮರಳು. ಇಡೀ ಕಾಗದದಲ್ಲಿ ನೀವು ಕೇಳಿದ ಒಂದೇ ಪ್ರಶ್ನೆ, ಕೇಳಬೇಕಾದ ಪ್ರಶ್ನೆಯೇ ಅದು. ಇಲ್ಲಿ ಮೂರು ಮೀಟಿಂಗ್ ಆದ ಮೇಲೆ ಒಬ್ಬರು ಅದನ್ನು ಕೇಳಿದರು.

ನೀವು ಕಲಿಸಿದ್ದು ಮರೆತಿಲ್ಲ. ಒಣ ತೆಂಗಿನಕಾಯಿ ತೇಲಿಬಿಟ್ಟು ಮೇಲಿನ ನೀರಿನ ವೇಗ ನೋಡಿದಿರಿ. ಆಮೇಲೆ ನನ್ನ ಕೈಗೆ ಬಿದಿರು ಗಳ ಕೊಟ್ಟು ತಳ ಮುಟ್ಟಿಸಿ, "ಮ್ಯಾಲಿನ್ ನೀರು ನಗ್ತಾ ಓಯ್ತದೆ, ತಳದ್ ನೀರು ಕೆಲ್ಸ ಮಾಡ್ತದೆ. ಅದ್ನ ನೋಡು" ಎಂದಿರಿ. ಗಳ ಅದುರಿದ್ದು ಇವತ್ತಿಗೂ ಅಂಗೈಯಲ್ಲಿದೆ. ಈ ಕೆಲಸಕ್ಕೆ ನಾನು ಬಂದದ್ದೇ ಅದರಿಂದ.

ನಿಮ್ಮನ್ನು ನಾಗಮಂಗಲಕ್ಕೆ ಹಾಕಿದ್ದು ಕೇಳಿದ ದಿನ ಒಂದು ಶಪಥ ಮಾಡಿದೆ. ನೀರಿನಲ್ಲಿ ನಿಂತು ಅಳೆದವರ ಮಾತನ್ನು ಇನ್ನು ಯಾವತ್ತೂ ತಳ್ಳಿಹಾಕುವುದಿಲ್ಲ ಎಂದು. ಅದಕ್ಕೇ ಈ ಸಲ ಅಳತೆಯೇ ಸರಿ ಎಂದು ಒಪ್ಪಿಕೊಂಡೆ. ಮಾಡೆಲ್‌ನಲ್ಲಿ ತಳದ ಮರಳಿನ ತಡೆಯನ್ನು ಹೆಚ್ಚಿಸಿದೆ. ಮೂರು ಅಡಿ ಹೋಗಿ ಎರಡು ಅಡಿ ಬಂತು. ಈಗ ಎರಡೂ ಚೆನ್ನಾಗಿ ಕೂಡುತ್ತವೆ, ಆಫೀಸಿನಲ್ಲಿ ಎಲ್ಲರಿಗೂ ಖುಷಿ. ಏಪ್ರಿಲ್ ಮೂವತ್ತಕ್ಕೆ ನಾನು ಸಹಿ ಹಾಕಬೇಕು. ಹಾಕಿದರೆ ಕಾಲು ಹೊಡೆಯುವ ಕೆಲಸ ಶುರು.

ಆದರೂ ಮನಸ್ಸು ಒಪ್ಪುತ್ತಿಲ್ಲ. ವೇಗ ಒಂದೂವರೆ ಪಟ್ಟಾದರೆ ನೀರು ದೂಡುವ ಬಲ ಎರಡೂಕಾಲು ಪಟ್ಟಾಗುತ್ತದೆ. ಮಾಡೆಲ್ ಮೊದಲು ಹೇಳಿದ್ದೇ ನಿಜವಾಗಿದ್ದರೆ ಆ ಎಂಟು ಜನರ ಕೆಳಗೆ ಮರಳು ಉಳಿಯುವುದಿಲ್ಲ. ನನ್ನನ್ನು ಕ್ಷಮಿಸಿ ಎಂದು ಕೇಳುವ ಮುಖವಿಲ್ಲ ನನಗೆ. ಅಳತೆಯೇ ಸರಿ ಎಂದು ನೀವು ಒಂದು ಮಾತು ಹೇಳಿಬಿಡಿ. ಸಹಿ ಹಾಕುತ್ತೇನೆ.

ಆರತಿ


ಪಾಂಡವಪುರ ತಾಲ್ಲೂಕು
24 ಮಾರ್ಚ್ 2025

ಆರತಮ್ಮನಿಗೆ,

ನೋಡದೆ ಹೇಳಲು ನಾನೇನು ಕಣಿ ಹೇಳುವವನೇ?

ಕಡಲನ್ನು ಪಾತಿ ಕಟ್ಟುತ್ತೇವೆ ಎಂದು ಬರೆದಿದ್ದೀಯಲ್ಲ, ಅದನ್ನು ನಾಲ್ಕು ಸಲ ಓದಿದೆ. ನನ್ನವಳಿಗೂ ಓದಿ ಹೇಳಿದೆ. "ಸಮುದ್ರಕ್ಕೇ ಬದ ಹಾಕ್ಬುಟ್ಟವ್ಳಾ?" ಎಂದು ಬಾಯಿ ಮೇಲೆ ಕೈಯಿಟ್ಟಳು. ನಿನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಇದನ್ನು ಹೇಳಲೇಬೇಕು. ನಾನು ಸೇತುವೆಯ ಒಂದು ಕಂಬದ ಬುಡದ ನೀರು ಅರ್ಥ ಮಾಡಿಕೊಳ್ಳಲು ಹತ್ತೊಂಬತ್ತು ವರ್ಷ ತೆಗೆದುಕೊಂಡೆ. ನೀನು ಕೂತಲ್ಲಿಂದ ಒಂದು ಸಮುದ್ರವನ್ನು ಎದುರಿಗೆ ಹರಡಿಕೊಂಡಿದ್ದೀಯ. ಎಂಥ ಹುಡುಗಿಯಮ್ಮ ನೀನು!

ಈಗ ನನ್ನ ಕಂಬದ ಮಾತು ಕೇಳು. ನೀರು ಕಂಬಕ್ಕೆ ಬಡಿದು ಕೆಳಕ್ಕೆ ಇಳಿದು ಬುಡ ಸುತ್ತಿ ಮರಳನ್ನು ತೋಡುತ್ತದೆ. ಜೋರು ನೀರು ಬಂದ ದಿನ ಗಳ ಇಳಿಸಿದರೆ ನನ್ನ ಎದೆಯ ಮಟ್ಟದ ಗುಂಡಿ. ನೀರು ತಗ್ಗಿದ ಮೇಲೆ ಹೂಳು ಬಂದು ಕೂತು ಗುಂಡಿ ತಾನೇ ಮುಚ್ಚಿಕೊಳ್ಳುತ್ತದೆ. ಇಂಜಿನಿಯರು ಆಮೇಲೆ ಜೀಪಿನಲ್ಲಿ ಬಂದು ನೋಡಿ ಏನೂ ಆಗಿಲ್ಲ ಎಂದು ಬರೆದುಕೊಂಡು ಹೋಗುತ್ತಿದ್ದರು. ಕಂಬಕ್ಕೆ ಕಷ್ಟ ಬಂದದ್ದು ಯಾವ ದಿನವೋ ಆ ದಿನವೇ ನೋಡಬೇಕು.

ಅಳೆದ ಅಂಕಿಗಳನ್ನು ಕಳಿಸು. ಗೆರೆ ಎಳೆದ ಚಿತ್ರ ಬೇಡ, ಅಂಕಿಯೇ ಬೇಕು.

ಕೆಂಪಣ್ಣ


ಕರಾವಳಿ ಕ್ಯಾಂಪ್
1 ಏಪ್ರಿಲ್ 2025

ಕೆಂಪಣ್ಣನವರಿಗೆ,

ಐವತ್ತೈದು ಹಾಳೆ ಕಳಿಸಿದ್ದೇನೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಗಂಟೆಗೊಂದು ಸಾಲು. ಯಂತ್ರ ತಳದಲ್ಲಿ ಕೂತು ಮೇಲಕ್ಕೆ ಶಬ್ದ ಕಳಿಸಿ, ಅದು ತಿರುಗಿ ಬರುವುದನ್ನು ಕೇಳಿ ನೀರಿನ ವೇಗ ಹೇಳುತ್ತದೆ. ಎಡಗಡೆ ತಾರೀಖು, ಗಂಟೆ. ಬಲಗಡೆ ತಳದ ವೇಗ, ಸೆಕೆಂಡಿಗೆ ಇಷ್ಟು ಸೆಂಟಿಮೀಟರು ಎಂದು. ಅರವತ್ತು ಎಂದರೆ ಎರಡು ಅಡಿ.

ನಿಜ ಹೇಳಬೇಕೆಂದರೆ ಈ ಸಾಲುಗಳನ್ನು ನಾನು ಕಣ್ಣಿನಿಂದ ಓದಿಲ್ಲ. ಕಂಪ್ಯೂಟರು ಓದಿಕೊಂಡು ಗೆರೆ ಎಳೆಯುತ್ತದೆ, ಗೆರೆಯನ್ನು ನಾನು ನೋಡುತ್ತೇನೆ. ಇನ್ನು ಇಪ್ಪತ್ತೊಂಬತ್ತು ದಿನವಿದೆ.

ಆರತಿ


ಪಾಂಡವಪುರ ತಾಲ್ಲೂಕು
14 ಏಪ್ರಿಲ್ 2025

ಆರತಮ್ಮ,

ಸಹಿ ಹಾಕಬೇಡ. ಮೊದಲು ಅದು.

ಜಗಲಿಯಲ್ಲಿ ಕೂತು ದಿನಕ್ಕೆ ಹತ್ತು ಹಾಳೆಯಂತೆ ಓದಿದೆ. ಆ ಯಂತ್ರಕ್ಕೆ ಕೈ ಮುಗಿಯಬೇಕು. ಗಂಟೆ ತಪ್ಪದೆ ಉಪ್ಪುನೀರಿನ ತಳದಲ್ಲಿ ಕೂತು ಕೇಳಿಸಿಕೊಳ್ಳುತ್ತದಲ್ಲ, ನನ್ನ ಕಿವಿಗಿಂತ ಎಷ್ಟೋ ವಾಸಿ. ಅದು ಹೇಳಿದ ಅಂಕಿಗಳೆಲ್ಲ ಏರುಪೇರು. 47, 38, 51, 44. ನೀರು ಇರುವುದೇ ಹಾಗೆ. ಆದರೆ ನಡುನಡುವೆ ಮೂರು ಮೂರು ದಿನ ಸಾಲುಗಳು ನುಣ್ಣಗಾಗುತ್ತವೆ. 40, 45, 50, 55, 60, 55. ಕಡೆಯ ಅಂಕಿ ಸೊನ್ನೆ, ಇಲ್ಲವೇ ಐದು. ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ, ಆರು ಕಡೆ ಇದೆ. ಅದು ಯಂತ್ರ ಹೇಳಿದ್ದಲ್ಲ. ಮನುಷ್ಯ ಕೂತು ತುಂಬಿದ್ದು.

ನನ್ನವಳು ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಗುರುತು ಹಾಕಿದ ತಾರೀಖುಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಅಕ್ಟೋಬರ್ ಮೂವತ್ತೊಂದು ಎಂದಾಗ ಕಿವಿಯ ಹತ್ತಿರ ಬಂದು ಕೂಗಿದಳು, "ಅದು ದೀಪಾಳಿ ಅಮಾಸೆ ಅಲ್ವಾ?" ಹೋದ ವರ್ಷದ ಕ್ಯಾಲೆಂಡರು ಅಕ್ಕಿ ಡಬ್ಬದ ಕೆಳಗೆ ಹಾಸಿತ್ತು. ತೆಗೆದು ಕೊಡವಿ ನೋಡಿದೆ. ಆರೂ ಕಡೆ ಒಂದೋ ಅಮಾವಾಸ್ಯೆ, ಇಲ್ಲವೇ ಹುಣ್ಣಿಮೆ. ಯಾಕೆ ಹಾಗೆ ಎಂದು ನನಗೆ ಗೊತ್ತಿಲ್ಲ. ಯಂತ್ರ ಇಳಿಸುವ ದೋಣಿಯವರನ್ನು ಕೇಳು.

ಮನುಷ್ಯ ತುಂಬಿದ್ದು ಎಂದು ಅಷ್ಟು ಗಟ್ಟಿಯಾಗಿ ಹೇಗೆ ಹೇಳುತ್ತೀರಿ ಎಂದು ಕೇಳುತ್ತೀಯ. ಹೇಳುತ್ತೇನೆ. ನಾನೂ ತುಂಬಿದ್ದೇನೆ.

ನಾಲೆಗೆ ಹೊಸ ನೀರು ಬಂದಾಗ ನಮ್ಮೂರ ಹೆಂಗಸರು ಪೂಜೆ ಮಾಡಿ ಬಾಗಿನ ಬಿಡುವವರೆಗೂ ಯಾರೂ ಮೆಟ್ಟಿಲು ಇಳಿಯುವುದಿಲ್ಲ. ಅಳತೆಯ ಹಲಗೆ ಇರುವುದು ಮೆಟ್ಟಿಲ ಕೆಳಗೆ, ಕಂಬದ ಒಳಮೈಗೆ. ಪೂಜೆ ಆಗುವುದು ನೀರು ಬಂದ ಮಾರನೆಯ ದಿನ ಸಂಜೆ. ಆ ಎರಡು ಬೆಳಿಗ್ಗೆ ನಾನು ಇಳಿಯಲಿಲ್ಲ. ಹತ್ತೊಂಬತ್ತು ವರ್ಷವೂ ಇಳಿಯಲಿಲ್ಲ. ಖಾನೆ ಖಾಲಿ ಬಿಟ್ಟರೆ ಕೆಲಸಕ್ಕೆ ಬಂದಿಲ್ಲ ಎನ್ನುತ್ತಾರೆಂದು ಹೆದರಿ ಮೂರು ಅಡಿ, ಮೂರೂವರೆ ಅಡಿ ಎಂದು ಬರೆದೆ. ಕಣ್ಣಾರೆ ನೋಡಿದ ದಿನ ಮೂರು ಅಡಿ ಏಳೂಕಾಲು ಅಂಗುಲ ಎಂದೆಲ್ಲ ಇರುತ್ತಿತ್ತು. ನೋಡದ ದಿನದ ನೀರು ಮಾತ್ರ ಯಾವಾಗಲೂ ಗುಂಡಗೆ ಇರುತ್ತಿತ್ತು.

ನಿನ್ನ ಪ್ರಾಜೆಕ್ಟು ಮೊದಲ ನೀರಿನದು. ನೀನು ತಾಳೆ ನೋಡಿದ್ದು ಆ ಎರಡೆರಡು ದಿನಗಳನ್ನೇ. ನಿನ್ನ ಲೆಕ್ಕ ಸರಿಯಾಗಿಯೇ ಇತ್ತು, ಆರತಮ್ಮ. ಅವತ್ತೇ ನನಗೆ ಗೊತ್ತಿತ್ತು. ಹೇಳಲಿಲ್ಲ. ಉಳಿದ ಮುನ್ನೂರು ಚಿಲ್ಲರೆ ದಿನ ನಿಯತ್ತಾಗಿ ಮಾಡಿದವನನ್ನು ಕಳ್ಳ ಎಂದರಲ್ಲ ಎಂಬ ಸಿಟ್ಟಿನಲ್ಲಿ ಈ ಎರಡು ದಿನವನ್ನು ನುಂಗಿಕೊಂಡೆ. ಏಳು ವರ್ಷ ಊರೆಲ್ಲ ನಿನ್ನನ್ನು ಬಯ್ದುಕೊಂಡು ತಿರುಗಿದೆ. ಈಗ ನನ್ನ ಮೇಲಿನ ಮರ್ಯಾದೆಗೆ ನೀನು ಸರಿಯಾದ ಲೆಕ್ಕವನ್ನು ತಪ್ಪು ಮಾಡಿಕೊಂಡು ಕೂತಿದ್ದೀಯ. ಎಂಟು ಜನ ಅಲ್ಲಿ ನೀರಿನ ಮೇಲೆ ಇರುತ್ತಾರೆ ಎಂದರೆ ನನ್ನ ಸಿಟ್ಟು ಎಷ್ಟರದು? ನಿನ್ನ ಮಾಡೆಲ್ ಮೊದಲು ಹೇಳಿದ್ದನ್ನೇ ನಂಬು. ನನ್ನ ವಿಷಯವನ್ನು ಎಲ್ಲಿ ಹೇಳಬೇಕೋ ಅಲ್ಲಿ ಹೇಳು, ನನ್ನದೇನೂ ಅಡ್ಡಿಯಿಲ್ಲ.

ಇಷ್ಟನ್ನೂ ನನ್ನವಳಿಗೆ ಓದಿ ಹೇಳಿದೆ. "ಏಳ್ ವರ್ಸ ಆ ಮಗೀನ ನನ್ ಬಾಯಲ್ಲೂ ಬಯ್ಸುದ್ರಲ್ಲ!" ಎಂದಳು. ಇವತ್ತು ಊಟಕ್ಕೆ ಕರೆದಿಲ್ಲ.

ಕೆಂಪಣ್ಣ


ಕರಾವಳಿ ಕ್ಯಾಂಪ್
29 ಏಪ್ರಿಲ್ 2025

ಕೆಂಪಣ್ಣ,

ನಿಮ್ಮ ಕಾಗದ ಓದಿ ಆಫೀಸಿನಲ್ಲೇ ಅತ್ತುಬಿಟ್ಟೆ. ನಾನು ಅತ್ತದ್ದು ಮಾಡೆಲ್ ಸರಿ ಇತ್ತು ಎಂದಲ್ಲ. ಇದನ್ನು ಬರೆಯಲು ನಿಮಗೆ ಎಷ್ಟು ಕಷ್ಟವಾಗಿರಬೇಕು ಎಂದು.

ದೋಣಿಯ ಯಜಮಾನರನ್ನು ಕೇಳಿದೆ. ಅವರು ಅಮಾವಾಸ್ಯೆಗೆ ಬಲೆ ಬೀಸುವುದಿಲ್ಲ. ಹುಣ್ಣಿಮೆಯ ಬೆಳಕಿಗೆ ಮೀನು ಸರಿಯಾಗಿ ಬೀಳುವುದಿಲ್ಲ. ಆ ದಿನಗಳಲ್ಲಿ ದೋಣಿ ಸುಮ್ಮನೆ ನಿಂತಿರುತ್ತದೆ, ಬಾಡಿಗೆಗೆ ಸಿಗುತ್ತದೆ. ಅದಕ್ಕೇ ಯಂತ್ರವನ್ನು ಯಾವಾಗಲೂ ಆಗಲೇ ಮೇಲೆತ್ತಿ, ಪಾಚಿ ಕೆರೆದು, ಬ್ಯಾಟರಿ ಬದಲಿಸಿ, ಮೂರು ದಿನ ಬಿಟ್ಟು ಇಳಿಸಿದ್ದಾರೆ. ಕಡಲು ಅತಿ ಜೋರಾಗಿ ಹರಿಯುವ ದಿನಗಳಲ್ಲೇ ಯಂತ್ರ ದಡದ ಮೇಲಿತ್ತು! ಖಾಲಿ ಖಾನೆ ಇದ್ದರೆ ಕಂಪ್ಯೂಟರು ಫೈಲನ್ನು ತೆಗೆದುಕೊಳ್ಳುವುದಿಲ್ಲ. ಯಾರೋ ಒಬ್ಬರು ಹಿಂದಿನ ದಿನಗಳನ್ನು ನೋಡಿ ತುಂಬಿದ್ದಾರೆ. ಯಾರಿಗೂ ಮೋಸ ಮಾಡುವ ಮನಸ್ಸಿರಲಿಲ್ಲ. ಹುಣ್ಣಿಮೆ ಅಮಾವಾಸ್ಯೆಗೆ ಉಬ್ಬರ ಜೋರು ಎಂದು ನನಗೆ ಗೊತ್ತಿಲ್ಲವೇ? ಮಾಡೆಲ್ ಅದನ್ನೇ ಹೇಳುತ್ತಿತ್ತು. ನಾನೇ ಅದರ ಬಾಯಿ ಮುಚ್ಚಿಸಿದೆ.

ಇವತ್ತಿನ ಮೀಟಿಂಗಿನಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ತಳದ ತಡೆಯನ್ನು ಆಧಾರವಿಲ್ಲದೆ ಹೆಚ್ಚಿಸಿದ್ದು ನನ್ನ ತಪ್ಪು ಎಂದೂ ಹೇಳಿದೆ. ಕಾಲು ಹೊಡೆಯುವ ಕೆಲಸ ಮಳೆಗಾಲ ಮುಗಿಯುವವರೆಗೆ ಮುಂದಕ್ಕೆ ಹೋಯಿತು. ಸಹಿ ಹಾಕುವ ಅಧಿಕಾರವನ್ನು ನನ್ನಿಂದ ತೆಗೆದು ಇನ್ನೊಬ್ಬರಿಗೆ ಕೊಟ್ಟರು. ಲೆಕ್ಕ ಮಾತ್ರ ನನ್ನದೇ. ಮನಸ್ಸಿಗೆ ನೋವಾಯಿತು, ಇಲ್ಲ ಎನ್ನುವುದಿಲ್ಲ. ಹೊರಗೆ ಬಂದು ಎರಡು ಕಾಫಿ ಕುಡಿದೆ.

ಚಿಕ್ಕಬೋರಮ್ಮನವರು ಈಗ ಊಟಕ್ಕೆ ಕರೆಯುತ್ತಿದ್ದಾರೆಯೇ?

ಆರತಿ


ಕರಾವಳಿ ಕ್ಯಾಂಪ್
28 ಜೂನ್ 2025

ಕೆಂಪಣ್ಣ,

ಎರಡು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದು ಕೈಗೆ ಬರಲಿ ಎಂದು ಕಾದೆ.

ಮೀನು ಹಿಡಿಯಲು ಇಲ್ಲಿ ಎರಡು ತಿಂಗಳು ನಿಷೇಧವಿತ್ತು, ದೋಣಿಗಳು ದಿನವೂ ಖಾಲಿ. ಎರಡು ಯಂತ್ರ ಇಳಿಸಿದೆವು. ಒಂದು ಮೇಲೆ ಬಂದರೂ ಇನ್ನೊಂದು ತಳದಲ್ಲೇ ಇರಬೇಕು ಎಂಬುದು ಕರಾರು. ಮೇ ತಿಂಗಳ ಅಮಾವಾಸ್ಯೆಗೆ ನಾನೇ ದೋಣಿಯಲ್ಲಿ ಹೋಗಿದ್ದೆ. ವಾಂತಿ ಮಾಡಿಕೊಂಡು ಸುಸ್ತಾದೆ. ಆದರೆ ಅಂಕಿ ಬಂತು: 91. ನಾನು ತಿದ್ದುವ ಮೊದಲು ಮಾಡೆಲ್ ಹೇಳಿದ್ದು 92. ಈಗ ಕಾಲುಗಳು ಆರು ಮೀಟರು ಹೆಚ್ಚು ಆಳಕ್ಕೆ ಹೋಗುತ್ತವೆ. ಬುಡಕ್ಕೆ ಕಲ್ಲಿನ ಹಾಸು ಬರುತ್ತದೆ. ಯಾವ ಯಂತ್ರ ಮೇಲಿತ್ತೋ ಅದರ ಆ ಗಂಟೆಗಳ ಖಾನೆಯಲ್ಲಿ "ನೋಡಿಲ್ಲ" ಎಂದು ಕನ್ನಡದಲ್ಲೇ ಹಾಕಿದ್ದೇನೆ. ಇಲ್ಲಿಯ ತಮಿಳರು, ಗುಜರಾತಿಗಳು ಎಲ್ಲ ಅದನ್ನು ಓದಲು ಕಲಿತಿದ್ದಾರೆ.

ಇನ್ನೊಂದು ಕೆಲಸ ಮಾಡಿದೆ. ನಿಮ್ಮ ಪುಸ್ತಕದ ಫೋಟೋಗಳು ನನ್ನ ಹತ್ತಿರ ಇದ್ದವು. ವರ್ಷಕ್ಕೆ ಎರಡೆರಡು ಖಾನೆಗಳನ್ನು ಖಾಲಿ ಬಿಟ್ಟು ಉಳಿದ ಹತ್ತೊಂಬತ್ತು ವರ್ಷವನ್ನೂ ಲೆಕ್ಕಕ್ಕೆ ಕೂಡಿಸಿದೆ. ಅರ್ಧ ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ದಿನ ಬೆರಳೆಣಿಕೆಯಷ್ಟೂ ಇಲ್ಲ. ಅಂಥ ಯಂತ್ರವನ್ನು ನಾನು ಇನ್ನೂ ಕಂಡಿಲ್ಲ, ಕೆಂಪಣ್ಣ. ನಿಮ್ಮ ಇಲಾಖೆಗೆ ಇದನ್ನು ಬರೆದು ಕಳಿಸಿದ್ದೇನೆ. ನಿಮ್ಮ ತಪ್ಪನ್ನು ಅದರಲ್ಲಿ ಮುಚ್ಚಿಲ್ಲ. ಎರಡು ದಿನ ನೋಡಿ ಹತ್ತೊಂಬತ್ತು ವರ್ಷವನ್ನು ತಳ್ಳಿಹಾಕಿದ ನನ್ನ ತಪ್ಪು ಅದಕ್ಕಿಂತ ಮೇಲಿದೆ.

ಆರತಿ


ಪಾಂಡವಪುರ ತಾಲ್ಲೂಕು
16 ಜುಲೈ 2025

ಆರತಮ್ಮನಿಗೆ,

ನಿನ್ನ ಕಾಗದವನ್ನು ಊರೆಲ್ಲ ಓದಿಯಾಯಿತು. ನಾನು ಕೊಡಲಿಲ್ಲ, ನನ್ನವಳೇ ಹಿಡಿದುಕೊಂಡು ಮನೆ ಮನೆ ತಿರುಗಿದಳು. ಬಯ್ದುಕೊಂಡು ತಿರುಗಿದ ಬಾಯಿಯಲ್ಲೇ ಹೊಗಳಿಕೊಂಡು ಬಂದಳು. ಇಲಾಖೆಯಿಂದ ಉತ್ತರ ಬಂದಿಲ್ಲ. ಬರದಿದ್ದರೂ ಸರಿ.

ನಾಲೆಗೆ ನೀರು ಬಿಟ್ಟಿದ್ದಾರೆ ಎಂದು ಮೊನ್ನೆ ಸುದ್ದಿ ಬಂತು. ನಮ್ಮ ಸೇತುವೆಗೆ ಬರುವುದು ಇವತ್ತು ಬೆಳಿಗ್ಗೆ. ನನ್ನ ಜಾಗದಲ್ಲಿ ಈಗ ಮಹದೇವಸ್ವಾಮಿ ಎಂಬುವನಿದ್ದಾನೆ. ಎರಡು ದಿನದ ಖಾನೆ ಖಾಲಿ ಬಿಡು, ಏನಾದರೂ ಕೇಳಿದರೆ ನನ್ನ ಹೆಸರು ಹೇಳು ಎಂದು ಅವನಿಗೆ ಹೇಳಿ ಬಂದಿದ್ದೆ. ನನ್ನವಳು ಅದನ್ನು ಕೇಳಿಸಿಕೊಂಡಿದ್ದಳು.

ಇವತ್ತು ಆರು ಗಂಟೆಗೆ ಎದ್ದು ನೋಡಿದರೆ ಮನೆಯಲ್ಲಿಲ್ಲ. ಸೇತುವೆಯ ಹತ್ತಿರ ಹೋದೆ. ಊರ ಹೆಂಗಸರನ್ನೆಲ್ಲ ಕಟ್ಟಿಕೊಂಡು, ಅರಿಶಿನ ಕುಂಕುಮ ಮೊರ ಹಿಡಿದು, ಒಣ ನಾಲೆಯ ದಂಡೆಯ ಮೇಲೆ ನೀರಿಗಾಗಿ ಕಾಯುತ್ತಾ ನಿಂತಿದ್ದಾಳೆ. ಮುದುಕಿಯರು ಗೊಣಗುತ್ತಿದ್ದರಂತೆ, ಪೂಜೆ ನಾಳೆ ಸಂಜೆಯಲ್ಲವಾ ಎಂದು. ಮಹದೇವಸ್ವಾಮಿ ಆಮೇಲೆ ನನಗೆ ಬರೆದು ತೋರಿಸಿದ, ಅವಳು ಏನು ಹೇಳಿದಳು ಎಂದು. "ಅಲ್ಲಿ ಸಮುದ್ರುದ್ ಮ್ಯಾಲೆ ಎಂಟ್ ಜನ ಇರ್ತಾರಂತೆ. ಅವ್ರಿಗೋಸ್ಕರ ಆ ಮಗು ವಾಂತಿ ಮಾಡ್ಕಂಡು ನೀರ್ ಅಳ್ದವ್ಳೆ. ನಾವು ಒಂದಿನ ಮುಂಚೆ ಪೂಜೆ ಮಾಡುದ್ರೆ ಗಂಗಮ್ಮ ಏನ್ ಮುನಿಸ್ಕತಾಳಾ? ನಿಂತ್ಕಳಿ ಸುಮ್ನೆ" ಎಂದಳಂತೆ.

ನೀರು ಬಂತು. ಕೆಂಪಗೆ, ಕಸಕಡ್ಡಿ ನೂಕಿಕೊಂಡು. ಅವರು ಬಾಗಿನ ಬಿಟ್ಟು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮಹದೇವಸ್ವಾಮಿ ಪುಸ್ತಕವನ್ನು ನನ್ನ ಕೈಗೇ ಕೊಟ್ಟ. ಅವನ ಹೆಗಲು ಹಿಡಿದು ಮೆಟ್ಟಿಲಿಳಿದೆ. ನೀರಿನ ಸದ್ದು ನನಗೆ ಕೇಳಿಸಲಿಲ್ಲ, ಪಾದಕ್ಕೆ ಮಾತ್ರ ಗೊತ್ತಾಯಿತು.

ನಿನ್ನ ಪ್ರಾಜೆಕ್ಟಿಗೆ ಬೇಕಾಗಿದ್ದ ಸಾಲು ಇದು. ಏಳು ವರ್ಷ ತಡವಾಯಿತು, ಬರೆದುಕೋ.

ಮೊದಲ ನೀರು. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ನಾಲ್ಕು ಅಡಿ ಒಂದೂಮುಕ್ಕಾಲು ಅಂಗುಲ. ನಾನೇ ಇಳಿದು ನೋಡಿದ್ದು.

ಕೆಂಪಣ್ಣ
ನೀರುಗಂಟಿ